ಪವರ್ಡ್ ಪ್ಯಾರಾಚೂಟ್‌ನಲ್ಲಿ ಮೊದಲ ಹಾರಾಟ: ನೆಲದ ಸಿದ್ಧತೆಯಿಂದ ಇಳಿಯುವವರೆಗೆ

ಮೂರು ಗಾಲಿಯ ಹಗುರವಾದ ಗಾಡಿ, ಅದರ ಹಿಂಬದಿಯಲ್ಲಿ ಎಂಜಿನ್ ಮತ್ತು ಪ್ರೊಪೆಲ್ಲರ್, ಮೇಲೆ ಗಾಳಿ ತುಂಬಿದಾಗ ರೆಕ್ಕೆಯ ಆಕಾರ ತಾಳುವ ಬಟ್ಟೆ, ಇವೆಲ್ಲ ಸೇರಿ ಪವರ್ಡ್ ಪ್ಯಾರಾಚೂಟ್ ಆಗುತ್ತದೆ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ಓಡಿ ಮೇಲೇರುವ ಪ್ಯಾರಾಮೋಟರ್ ಬೇರೆ. ಇಲ್ಲಿ ಹಾರುವವರು ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಕುಳಿತಿರುತ್ತಾರೆ. 1964ರಲ್ಲಿ ಡಾಮಿನಾ ಜಾಲ್ಬರ್ಟ್ ರೂಪಿಸಿದ, ಸಾಲು ಕೋಶಗಳುಳ್ಳ ಪ್ಯಾರಾಫಾಯಿಲ್ ರೆಕ್ಕೆಗೆ 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಗಾಡಿ ಮತ್ತು ಎಂಜಿನ್ ಸೇರಿದವು. ಈ ಬರಹವೂ ಅಲ್ಲಿನ ಪದ್ಧತಿಯನ್ನೇ ಅನುಸರಿಸುತ್ತದೆ.

ಎರಡು ಸೀಟಿನ ಯಂತ್ರವನ್ನು ನಡೆಸಲು ಅಲ್ಲಿ ಸ್ಪೋರ್ಟ್ ಪೈಲಟ್ ಪ್ರಮಾಣಪತ್ರ ಬೇಕು. ಅದಕ್ಕೆ ಕನಿಷ್ಠ 12 ಗಂಟೆಗಳ ಹಾರಾಟವಾಗಿರಬೇಕು. ಅದರಲ್ಲಿ 10 ಗಂಟೆ ಬೋಧಕರಿಂದ ಪಡೆದ ತರಬೇತಿ, ಕನಿಷ್ಠ 2 ಗಂಟೆ ಒಬ್ಬರೇ ಹಾರಿದ್ದು ಇರಬೇಕು. 254 ಪೌಂಡ್, ಅಂದರೆ ಸುಮಾರು 115 ಕಿಲೋಗಿಂತ ಕಡಿಮೆ ತೂಕದ ಒಂದು ಸೀಟಿನ ಯಂತ್ರಕ್ಕೆ ಪರವಾನಗಿ ಬೇಕಿಲ್ಲ. ಕಾನೂನು ಕೇಳುವುದಿಲ್ಲವೆಂದು ತರಬೇತಿಯಿಲ್ಲದೆ ಒಬ್ಬರೇ ಹಾರಲು ಹೋಗುವುದನ್ನು ನಾನು ಯಾರಿಗೂ ಒಪ್ಪಲಾರೆ. ಮೊದಲ ಹಾರಾಟ ಬೋಧಕರ ಜೊತೆಗೇ ಆಗಬೇಕು. ಭಾರತದಲ್ಲಿ ಹಾರಬಯಸುವವರು ಮೊದಲಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ಹೊತ್ತಿನ ಆಯ್ಕೆಯೇ ಮೊದಲ ನಿರ್ಧಾರ. ಈ ರೆಕ್ಕೆ ಸಾಮಾನ್ಯವಾಗಿ ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಷ್ಟೇ ಹಾರುತ್ತದೆ. ಆದ್ದರಿಂದ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಎದುರಾದರೆ ನೆಲದ ಲೆಕ್ಕದಲ್ಲಿ ಮುಂದೆ ಸಾಗುವುದು ಬಹಳ ಕಡಿಮೆ; ಅದೇ ಗಾಳಿ ಹಿಂದಿನಿಂದ ಬೀಸಿದರೆ ಇಳಿಯುವ ವೇಗ ಅಪಾಯಕಾರಿಯಾಗುತ್ತದೆ. ಹೊಸಬರಿಗೆ ಗಂಟೆಗೆ 15 ಕಿಲೋಮೀಟರ್‌ಗಿಂತ ಕಡಿಮೆ ಗಾಳಿಯಿರುವ ಮುಂಜಾನೆ ಅಥವಾ ಸಂಜೆಯೇ ತಕ್ಕ ಸಮಯ. ಬಿಸಿಲೇರಿದಂತೆ ನೆಲ ಕಾದು ಗಾಳಿ ಮೇಲಕ್ಕೇಳುತ್ತದೆ, ರೆಕ್ಕೆ ಕುಲುಕತೊಡಗುತ್ತದೆ. ಮರಗಳ ಸಾಲು ಅಥವಾ ಕಟ್ಟಡ ದಾಟಿ ಬರುವ ಗಾಳಿ ಅದರ ಮರೆಯಲ್ಲಿ ಸುಳಿಯಾಗುವುದರಿಂದ, ಅಂಥ ಮೈದಾನದ ಅಂಚಿನಿಂದ ದೂರವಿರಬೇಕು.

ರೆಕ್ಕೆಯನ್ನು ಗಾಡಿಯ ಹಿಂದೆ ಹರಡುವಾಗ ಆತುರ ಸಲ್ಲದು. ದಾರಗಳನ್ನು ಗಾಡಿಯ ಕೊಕ್ಕೆಯಿಂದ ಬಟ್ಟೆಯವರೆಗೂ ಬೆರಳುಗಳ ನಡುವೆ ಹಾಯಿಸುತ್ತ ಹೋದರೆ ಕಣ್ಣಿಗೆ ಬೀಳದ ಸಣ್ಣ ಗಂಟು, ಸಿಕ್ಕಿಕೊಂಡ ಕಡ್ಡಿ ಕೈಗೆ ತಾಗುತ್ತದೆ. ಇಬ್ಬನಿಗೆ ಒದ್ದೆಯಾದ ರೆಕ್ಕೆ ಭಾರವಾಗಿ ಸರಿಯಾಗಿ ಏಳುವುದಿಲ್ಲ. ಅದು ಒಣಗುವವರೆಗೆ ಕಾಯಬೇಕು. ಜೇಬಿನಲ್ಲಿರುವ ಮೊಬೈಲ್, ಕೊರಳಿನ ವಸ್ತ್ರ, ಸಡಿಲವಾದ ಟೋಪಿ, ಇವುಗಳಲ್ಲಿ ಯಾವುದು ಜಾರಿದರೂ ಹಿಂದೆ ಸುತ್ತುತ್ತಿರುವ ಪ್ರೊಪೆಲ್ಲರ್‌ಗೇ ಹೋಗುವುದರಿಂದ, ಎಲ್ಲವನ್ನೂ ಕಟ್ಟಿಡಬೇಕು ಇಲ್ಲವೇ ಕೆಳಗೇ ಬಿಡಬೇಕು. ಹೆಲ್ಮೆಟ್ ಮತ್ತು ಕಿವಿರಕ್ಷೆ ಕಡ್ಡಾಯ.

ಎಂಜಿನ್ ಚೆನ್ನಾಗಿ ಕಾದ ಮೇಲೆ, ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಗಾಳಿಗೆ ಎದುರಾಗಿ ಹೊರಡಬೇಕು. ಎಂಜಿನ್‌ನ ಬಲವನ್ನು ಏರಿಸಿ ಇಳಿಸುವ ಥ್ರಾಟಲ್ ಕೊಡುತ್ತಿದ್ದಂತೆ ಹಿಂದೆ ಹರಡಿದ ಬಟ್ಟೆ ಉಬ್ಬಿ, ಗಾಡಿಯನ್ನು ಹಿಂದಕ್ಕೆ ಜಗ್ಗಿ, ನಿಧಾನವಾಗಿ ತಲೆಯ ಮೇಲೆ ಬಂದು ನಿಲ್ಲುತ್ತದೆ. ಆಗ ಥ್ರಾಟಲನ್ನು ತುಸು ಇಳಿಸಿ, ನೆಲದ ಮೇಲೆ ಉರುಳುತ್ತಿರುವಾಗಲೇ ಕತ್ತೆತ್ತಿ ಮೂರು ಸಂಗತಿಗಳನ್ನು ನೋಡಬೇಕು: ದಾರಗಳಲ್ಲಿ ಸಿಕ್ಕಿಲ್ಲವೇ, ಕೋಶಗಳೆಲ್ಲ ತೆರೆದಿವೆಯೇ, ರೆಕ್ಕೆ ನೇರ ನೆತ್ತಿಯ ಮೇಲಿದೆಯೇ. ಇಡೀ ಹಾರಾಟದಲ್ಲಿ ಇದಕ್ಕಿಂತ ಮುಖ್ಯವಾದ ಕ್ಷಣ ಮತ್ತೊಂದಿಲ್ಲ. ಒಂದರಲ್ಲಾದರೂ ಅನುಮಾನ ಬಂದರೆ ಎಂಜಿನ್ ನಿಲ್ಲಿಸಿ, ರೆಕ್ಕೆಯನ್ನು ಮೊದಲಿನಿಂದ ಹರಡಬೇಕು. ನೋಡುತ್ತಿರುವವರ ಎದುರು ಸಂಕೋಚಪಟ್ಟು ಹಾಗೆಯೇ ಮೇಲೇರುವುದು ಸಲ್ಲದು. ಮೂರೂ ಸರಿಯಾಗಿದ್ದರೆ ಥ್ರಾಟಲನ್ನು ಒಂದೇ ಹದದಲ್ಲಿ ಪೂರ್ತಿ ತಳ್ಳಬೇಕು. ಸ್ವಲ್ಪ ದೂರ ಓಡಿದ ಗಾಡಿಯನ್ನು ರೆಕ್ಕೆ ತಾನಾಗಿ ಎತ್ತಿಕೊಳ್ಳುತ್ತದೆ.

ಮೇಲೇರಿದ ನಂತರ ಕಾರು ಓಡಿಸಿದ ಅಭ್ಯಾಸವನ್ನು ಬದಿಗಿಡಬೇಕು. ಇಲ್ಲಿ ಥ್ರಾಟಲ್ ಹೆಚ್ಚಿಸಿದರೆ ವೇಗ ಹೆಚ್ಚುವುದಿಲ್ಲ, ಎತ್ತರ ಹೆಚ್ಚುತ್ತದೆ. ತಗ್ಗಿಸಿದರೆ ಯಂತ್ರ ಇಳಿಯುತ್ತದೆ. ತಿರುಗಲು ಕಾಲಿನ ಪಟ್ಟಿಗಳಿವೆ: ಬಲಗಾಲು ಒತ್ತಿದರೆ ರೆಕ್ಕೆಯ ಬಲಭಾಗದ ಹಿಂಚು, ಅಂದರೆ ಹಿಂದಿನ ಅಂಚು, ಕೆಳಗೆಳೆಯಲ್ಪಟ್ಟು ಯಂತ್ರ ಬಲಕ್ಕೆ ಹೊರಳುತ್ತದೆ. ಒತ್ತಿದ ಕೂಡಲೇ ಅದು ತಿರುಗುವುದಿಲ್ಲವಾದ್ದರಿಂದ ಒಂದು ಕ್ಷಣ ತಾಳಬೇಕು. ಸಾಲದೆಂದು ಮತ್ತಷ್ಟು ಒತ್ತುವುದು ಹೊಸಬರ ಸಾಮಾನ್ಯ ತಪ್ಪು. ರೆಕ್ಕೆಯ ಕೆಳಗೆ ಬಹಳ ತಗ್ಗಿನಲ್ಲಿ ನೇತಾಡುವ ಗಾಡಿ ಉಯ್ಯಾಲೆಯಂತೆ ತೂಗುತ್ತದೆ, ಥ್ರಾಟಲನ್ನು ಥಟ್ಟನೆ ಏರಿಸಿ ಇಳಿಸಿದರೆ ತೂಗಾಟ ಇನ್ನೂ ಹೆಚ್ಚುತ್ತದೆ. ಕೈ ಮೃದುವಾಗಿದ್ದಷ್ಟೂ ಹಾರಾಟ ಶಾಂತವಾಗಿರುತ್ತದೆ. ಎಂಜಿನ್ ನಿಂತುಹೋದರೂ ರೆಕ್ಕೆ ಅರಳಿಯೇ ಇರುವುದರಿಂದ ಯಂತ್ರ ಮುಂದೆ ಸಾಗುತ್ತಲೇ ಇಳಿಯುತ್ತದೆ. ಹಾಗಾಗಿ ಇಳಿಯಬಹುದಾದ ಬಯಲೊಂದು ಸದಾ ಎಟುಕಿನಲ್ಲಿರುವಂತೆ, ವಿದ್ಯುತ್ ತಂತಿಗಳಿಂದ ದೂರದಲ್ಲಿ ಹಾರಬೇಕು.

ಇಳಿಯುವಾಗಲೂ ಗಾಳಿಗೆ ಎದುರಾಗಿಯೇ, ತುಸು ಥ್ರಾಟಲ್ ಉಳಿಸಿಕೊಂಡು ಬರಬೇಕು. ನೆಲ ಹತ್ತಿರವಾದಾಗ, ಬೋಧಕರು ಹೇಳಿದ ಎತ್ತರದಲ್ಲಿ, ಎರಡೂ ಪಟ್ಟಿಗಳನ್ನು ಒಟ್ಟಿಗೆ ಒತ್ತಿದರೆ ರೆಕ್ಕೆಯ ಇಡೀ ಹಿಂಚು ಬಾಗಿ ಇಳಿಕೆ ಮೆತ್ತಗಾಗುತ್ತದೆ. ಬಹಳ ಮೇಲೆಯೇ ಒತ್ತಿಬಿಟ್ಟರೆ ಆ ಬಲ ನೆಲ ಮುಟ್ಟುವ ಮೊದಲೇ ತೀರಿಹೋಗುತ್ತದೆ. ಗಾಲಿಗಳು ನೆಲ ಮುಟ್ಟಿದ ಕೂಡಲೇ ಎಂಜಿನ್ ಆರಿಸಬೇಕು, ಏಕೆಂದರೆ ಸುತ್ತುತ್ತಿರುವ ಪ್ರೊಪೆಲ್ಲರ್‌ಗೆ ಬೀಳುವ ರೆಕ್ಕೆಯ ದಾರಗಳು ಸಿಕ್ಕಿಕೊಂಡರೆ ದಾರ, ಪ್ರೊಪೆಲ್ಲರ್ ಎರಡೂ ಹಾಳಾಗುತ್ತವೆ. ಬಳಿಕ ಎರಡೂ ಪಟ್ಟಿಗಳನ್ನು ಪೂರ್ತಿ ಒತ್ತಿ ಹಿಡಿದು ರೆಕ್ಕೆಯನ್ನು ಹಿಂದಕ್ಕೆ ಮಲಗಿಸಿ, ಬಿಸಿಲಿಗೆ ಬಟ್ಟೆಯ ಬಲ ಕುಂದುವುದರಿಂದ ತಡಮಾಡದೆ ಚೀಲಕ್ಕೆ ಸೇರಿಸಬೇಕು.