ಬಸ್ಸಿನ ವಾಸನೆಗೆ ಸೆಂಟ್ ಮದ್ದಲ್ಲ

ಮಳೆಗಾಲ ಶುರುವಾಗಿ ನಾಲ್ಕು ವಾರ ಆಗುವಷ್ಟರಲ್ಲಿ ನಮ್ಮ ಮಂಗಳೂರಿನ ಸಿಟಿ ಬಸ್ಸುಗಳಿಗೆ ಒಂದು ವಾಸನೆ ಹಿಡಿಯುತ್ತದೆ. ಒದ್ದೆ ಗೋಣಿ, ಮೀನಿನ ನೀರು, ಬೆವರು, ಡೀಸೆಲ್ ಎಲ್ಲ ಸೇರಿದ್ದು. ನಾನು ಅಂಥ ಒಂದು ಬಸ್ಸಿನ ಕಂಡಕ್ಟರ್. ಸ್ಟೇಟ್‌ಬ್ಯಾಂಕ್‌ನಿಂದ ತೊಕ್ಕೊಟ್ಟು ದಾಟಿ ಉಳ್ಳಾಲಕ್ಕೆ ನಮ್ಮ ರೂಟ್. ಒಂದು ತುದಿಯಲ್ಲಿ ಧಕ್ಕೆ, ಅಂದರೆ ಮೀನಿನ ಬೋಟ್‌ಗಳು ಬರುವ ಬಂದರು, ಇನ್ನೊಂದು ತುದಿಯಲ್ಲಿ ಕಡಲು. ಹಾಗಾಗಿ ಮೀನು ಹತ್ತದ ದಿನವೇ ಇಲ್ಲ. ವಾಸನೆ ತೆಗೆಯಲು ನಾನು ಏನೇನು ಮಾಡಿದೆ ಅಂತ ಇಲ್ಲಿ ಬರೆಯುತ್ತೇನೆ. ಬೇರೆ ಬಸ್ಸಿನವರಿಗೂ ಉಪಯೋಗಕ್ಕೆ ಬಂದೀತು.

ಮೊದಲು ಡ್ಯಾಶ್‌ಬೋರ್ಡಿನ ಸೆಂಟ್ ಬಾಟಲಿಯನ್ನು ತೆಗೆದೆ. ದೇವರ ಫೋಟೋಕ್ಕೆ ಮಲ್ಲಿಗೆ, ಬೆಳಗ್ಗೆ ಒಂದು ಊದುಬತ್ತಿ, ಇದಕ್ಕೆ ನನ್ನ ತಕರಾರಿಲ್ಲ. ಆದರೆ ಸೆಂಟ್ ವಾಸನೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೊಂದು ವಾಸನೆ ಸೇರಿಸುತ್ತದೆ, ಅಷ್ಟೇ. ಮಳೆಗೆ ಗ್ಲಾಸ್ ಎಲ್ಲ ಮುಚ್ಚಿರುವಾಗ ಲಿಂಬೆ ಸೆಂಟೂ ಮೀನೂ ಒಟ್ಟಾದರೆ ನೇತ್ರಾವತಿ ಸೇತುವೆ ದಾಟುವುದರೊಳಗೆ ಯಾರಿಗಾದರೂ ವಾಂತಿ ಬರುವುದು ಗ್ಯಾರಂಟಿ. ಇನ್ನೊಂದು ತೊಂದರೆ, ಸೆಂಟ್ ಇದ್ದರೆ ನಿಜವಾದ ವಾಸನೆ ಎಲ್ಲಿಂದ ಅಂತ ಹುಡುಕಲಿಕ್ಕೇ ಆಗುವುದಿಲ್ಲ.

ಹುಡುಕಲು ಬೆಳಗ್ಗಿನ ಹೊತ್ತೇ ಸರಿ. ರಾತ್ರಿಯಿಡೀ ಮುಚ್ಚಿಟ್ಟ ಬಸ್ಸಿನ ಬಾಗಿಲು ತೆಗೆದ ಮೊದಲ ಎರಡು ನಿಮಿಷ ಮಾತ್ರ ಮೂಗು ನಿಜ ಹೇಳುತ್ತದೆ. ಆಮೇಲೆ ಒಗ್ಗಿಹೋಗುತ್ತದೆ. ದಿನವಿಡೀ ಒಳಗೇ ಇರುವ ಡ್ರೈವರು, ಕಂಡಕ್ಟರು “ಎಂತ ವಾಸನೆ ಮಾರಾಯ್ರೆ, ಎಂತದೂ ಇಲ್ವಲ್ಲ” ಅನ್ನುವುದು ಸುಳ್ಳಲ್ಲ. ಅವರಿಗೆ ನಿಜಕ್ಕೂ ಗೊತ್ತಾಗುವುದಿಲ್ಲ. ನಾನು ಹೊರಗೆ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗಿ, ಒಂದೊಂದು ಸೀಟಿನ ಬುಡಕ್ಕೂ ಬಗ್ಗಿ ಮೂಸಿದೆ. ಕಂಡವರು ನಕ್ಕರು. ನಗಲಿ.

ಮೀನಿನ ಬುಟ್ಟಿ ಇಡುವ ಹಿಂದಿನ ಬಾಗಿಲ ಹತ್ತಿರವೇ ವಾಸನೆ ಜಾಸ್ತಿ ಅಂತ ಎಲ್ಲರೂ ಹೇಳುವುದು. ಆದರೆ ನಮ್ಮ ಬಸ್ಸಿನಲ್ಲಿ ಜಾಸ್ತಿ ಇದ್ದದ್ದು ಎಡಬದಿಯ ನಡುವಿನ ಸೀಟುಗಳ ಕೆಳಗೆ. ಕಾರಣ ಕಿಟಕಿ. ಜಾರುವ ಗ್ಲಾಸ್ ಕೂರುವ ಅಲ್ಯೂಮಿನಿಯಂ ಚಾನೆಲ್ ಉಂಟಲ್ಲ, ಅದರ ಹೊರಬದಿಯಲ್ಲಿ ಸಣ್ಣ ತೂತುಗಳಿರುತ್ತವೆ, ಬಿದ್ದ ನೀರು ಹೊರಗೆ ಹೋಗಲಿಕ್ಕೆ. ಹಾಗೊಂದು ತೂತು ಇದೆ ಅಂತಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಸೈಕಲ್ ಸ್ಪೋಕಿನ ತುದಿ ಬಗ್ಗಿಸಿ ಕೆದಕಿದೆ. ಮಡಚಿದ ಟಿಕೆಟ್, ನೆಲಗಡಲೆ ಸಿಪ್ಪೆ, ಚಾಕಲೇಟ್ ಕಾಗದ, ಹೊಯಿಗೆ, ಕೊನೆಗೆ ಕಪ್ಪು ಲೋಳೆ. ತೂತು ಕಟ್ಟಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಚಾನೆಲ್ ತುಂಬಿ ಒಳಗೆ ಉಕ್ಕುತ್ತದೆ, ಪಕ್ಕದ ಪ್ಯಾನೆಲ್ ಹಿಡಿದು ಇಳಿದು ನೆಲದ ಶೀಟಿನ ಅಡಿಗೆ ಸೇರುತ್ತದೆ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವುದು.

ಧಣಿಗಳಿಗೆ ಹೇಳಿ ಗ್ಯಾರೇಜಿನಲ್ಲಿ ಒಂದು ಶೀಟ್ ಬಿಚ್ಚಿಸಿದೆ. ಅಡಿಯ ಪ್ಲೈವುಡ್ ಕಪ್ಪಾಗಿತ್ತು. ಉಗುರು ತಾಗಿದರೆ ನೆನೆದ ಅವಲಕ್ಕಿಯ ಹಾಗೆ ಎದ್ದು ಬರುತ್ತಿತ್ತು. ಅದರ ಮೇಲೆ ಅಲ್ಲಲ್ಲಿ ಮೀನಿನ ಹುರುಪೆ ಮಿನುಗುತ್ತಿತ್ತು. ಗ್ಯಾರೇಜಿನ ಹುಡುಗ “ಅಣ್ಣ, ಮೊದಲು ನೀವು ಮಾಸ್ಕ್ ಕೊಡಿಸಿ, ಆಮೇಲೆ ಬಾಕಿ ಕೆಲಸ” ಅಂದ. ಹಿಂದಿನ ಬಾಗಿಲಲ್ಲಿ ಚೆಲ್ಲಿದ ಮೀನಿನ ನೀರು ಸ್ಕ್ರೂ ತೂತುಗಳಿಂದ ಕೆಳಗಿಳಿದು, ಮಳೆ ನೀರಿನ ಜೊತೆ ಪ್ಲೈವುಡ್ಡಿನಲ್ಲಿ ಹರಡಿತ್ತು. ಮೇಲಿಂದ ಎಷ್ಟು ಫಿನಾಯಿಲ್ ಸುರಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಕೊಳೆತ ತುಂಡುಗಳನ್ನು ಕಿತ್ತು, ನೀರಿಗೆ ತಡೆಯುವ ಪ್ಲೈವುಡ್ ಹಾಕಿಸಿ, ಕತ್ತರಿಸಿದ ಅಂಚುಗಳಿಗೆಲ್ಲ ಪೇಂಟ್ ಬಳಿದು, ಸ್ಕ್ರೂ ತೂತುಗಳಿಗೆ ಸಿಲಿಕಾನ್ ತುಂಬಿಸಿದೆವು. ಅರ್ಧ ವಾಸನೆ ಅಲ್ಲೇ ಹೋಯಿತು.

ಸೀಟಿನದ್ದೂ ಇದೇ ಕತೆ. ಮೇಲೆ ರೆಕ್ಸಿನ್, ಒಳಗೆ ಫೋಮ್. ಒದ್ದೆ ಬಟ್ಟೆಯಲ್ಲಿ ಕೂತವರ ನೀರು ಹೊಲಿಗೆಯಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ರೆಕ್ಸಿನ್ ಒರೆಸಿದರೆ ಒಣಗಿದ ಹಾಗೆ ಕಾಣುತ್ತದೆ, ಕೈಯಿಂದ ಒತ್ತಿದರೆ ಹೊಲಿಗೆಯಲ್ಲಿ ನೀರಿನ ಗುಳ್ಳೆ ಬರುತ್ತದೆ. ಬೂಷ್ಟಿನ ವಾಸನೆ ಇದರದ್ದೇ. ಕುಶನ್‌ಗಳನ್ನು ಬೋಲ್ಟ್ ಬಿಚ್ಚಿ ತೆಗೆದು, ಅಡಿಯ ಹಲಗೆಗೆ ಡ್ರಿಲ್ಲಿನಿಂದ ತೂತು ಮಾಡಿಸಿದೆ. ಆಷಾಢದಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಶೆಡ್ಡಿನಲ್ಲಿ ನೆಟ್ಟಗೆ ನಿಲ್ಲಿಸಿ ಎದುರಿಗೆ ಫ್ಯಾನ್ ಇಟ್ಟೆ. ತೀರಾ ಹಳೆಯ ಫೋಮನ್ನು ಬಿಸಾಡಲೇಬೇಕು, ಬೇರೆ ಉಪಾಯ ಇಲ್ಲ.

ಈಗ ಮೀನಿಗೆ ಬರೋಣ. ಬುಟ್ಟಿ ಹಿಡಿದು ನಿಂತ ಹೆಂಗಸರನ್ನು ಕಂಡರೆ ನಿಲ್ಲಿಸದೆ ಹೋಗುವ ಬಸ್ಸುಗಳಿವೆ. ನನಗೆ ಅದು ಸರಿ ಕಾಣುವುದಿಲ್ಲ. ಅವರೂ ದುಡ್ಡು ಕೊಟ್ಟೇ ಬರುವುದು. ಬಸ್ಸಿನಲ್ಲಿ ಮೂಗು ಮುಚ್ಚುವವರೇ ಮಧ್ಯಾಹ್ನ ಅದೇ ಬಂಗುಡೆಯ ಪುಳಿಮುಂಚಿ ಮಾಡಿ ಉಣ್ಣುವುದು, ಅಲ್ವಾ?

ನಿಜ ಹೇಳಬೇಕೆಂದರೆ ತಾಜಾ ಮೀನು ಅಷ್ಟು ವಾಸನೆ ಬರುವುದೇ ಇಲ್ಲ. ಅಕ್ಟೋಬರ್ ತಿಂಗಳಲ್ಲಿ ಧಕ್ಕೆಯಿಂದ ಆಗಷ್ಟೇ ಎತ್ತಿದ ಬೂತಾಯಿಗೆ ಕಡಲಿನ ವಾಸನೆ ಮಾತ್ರ. ಕಡಲ ಮೀನಿನ ಮೈಯಲ್ಲಿ ವಾಸನೆಯೇ ಇಲ್ಲದ ಒಂದು ವಸ್ತು ಇರುತ್ತದೆ, ಟ್ರೈಮಿಥೈಲಮೈನ್ ಆಕ್ಸೈಡ್ ಅಂತ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಟ್ರೈಮಿಥೈಲಮೈನ್ ಮಾಡುತ್ತವೆ. ನಾವು ಮೀನಿನ ನಾತ ಅನ್ನುವುದು ಅದನ್ನೇ. ದಿನ ಹೋದ ಹಾಗೆ ಅದು ಜಾಸ್ತಿ ಆಗುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ನಾಡದೋಣಿಯ ಮೀನು ಸ್ವಲ್ಪ, ಉಳಿದದ್ದು ತಮಿಳುನಾಡಿನ ಕಡೆಯಿಂದ ಐಸಿನಲ್ಲಿ ಬಂದದ್ದು. ಹಳತಾದ ಮೀನು, ಕರಗುವ ಐಸು, ಮುಚ್ಚಿದ ಗ್ಲಾಸು. ಮಳೆಗಾಲದಲ್ಲೇ ವಾಸನೆ ಯಾಕೆ ಜಾಸ್ತಿ ಅನ್ನುವುದಕ್ಕೆ ಇಷ್ಟು ಸಾಕು.

ಒಮ್ಮೆ ದಿನಾ ಬರುವ ಒಬ್ಬ ಅಕ್ಕನ ಹತ್ತಿರ ಹೇಳಿದೆ, “ಅಕ್ಕ, ಸ್ವಲ್ಪ ನೀರು ಬಸಿದು ತನ್ನಿ. ಬಸ್ಸಿಡೀ ಸುರಿಯುತ್ತದೆ.”

“ಬಸಿದೇ ತಂದದ್ದು ಮಗ. ದಾರಿಯಲ್ಲಿ ಐಸು ಕರಗಿದರೆ ನಾನು ಎಂತ ಮಾಡಲಿ?” ಅಂದರು. ಆಮೇಲೆ ನಾನು ನೆಲ ಒರೆಸುವುದನ್ನು ನೋಡಿ, “ಬರೀ ಸಾಬೂನಿಗೆ ಅದು ಹೋಗುವುದಿಲ್ಲ. ಹುಳಿ ಹಾಕು. ನಾವು ಕೈಗೆ ಬಿಂಬುಳಿ ಉಜ್ಜುವುದಿಲ್ವಾ?”

ಸರಿಯಾದ ಮಾತು. ಟ್ರೈಮಿಥೈಲಮೈನ್ ಕ್ಷಾರದ ಜಾತಿಯದ್ದು. ಹುಳಿ ಸೇರಿದರೆ ಉಪ್ಪಾಗಿ ಬದಲಾಗುತ್ತದೆ, ಗಾಳಿಗೆ ಏಳುವುದಿಲ್ಲ, ನೀರಿನಲ್ಲಿ ತೊಳೆದು ಹೋಗುತ್ತದೆ. ಬಸ್ಸಿಗೆ ಬಿಂಬುಳಿ ಎಲ್ಲಿಂದ ತರುವುದು? ಹುಣಸೆ ನೀರು ಅಂಟಾಗುತ್ತದೆ, ಇರುವೆ ಬರುತ್ತದೆ. ನಾನು ಬಳಸುವುದು ಅಂಗಡಿಯ ಬಿಳಿ ವಿನೆಗರ್. ಅರ್ಧ ಬಕೆಟ್ ನೀರಿಗೆ ಎರಡು ಲೋಟ. ಮೊದಲು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ಹಾಕಿದರೆ ಮೀನಿನ ರಸ ಗಟ್ಟಿಯಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ವಿನೆಗರ್ ನೀರು ಹಾಕಿ ಸ್ವಲ್ಪ ಹೊತ್ತು ಬಿಡಬೇಕು. ನಂತರ ಸಾಬೂನು ನೀರು. ಕೊನೆಗೆ ಒಣ ಬಟ್ಟೆಯಲ್ಲಿ ಒರೆಸಬೇಕು. ಒರೆಸದೆ ಬಿಟ್ಟರೆ ಮೊದಲಿನ ಕೆಲಸ ಎಲ್ಲ ಸುಮ್ನೆ.

ಚೆಲ್ಲುವುದನ್ನು ತಡೆಯಲು ಹಿಂದಿನ ಬಾಗಿಲ ಹತ್ತಿರ ತೂತಿಲ್ಲದ, ಅಂಚು ಎತ್ತರ ಇರುವ ಪ್ಲಾಸ್ಟಿಕ್ ಟ್ರೇ ಇಟ್ಟೆ. ಬುಟ್ಟಿ, ಟಬ್ಬು ಎಲ್ಲ ಅದರೊಳಗೆ. ಟ್ರಿಪ್ ಮುಗಿದ ಮೇಲೆ ನೀರನ್ನು ಚರಂಡಿಗೆ ಚೆಲ್ಲುವುದು. ಅಕ್ಕಂದಿರಿಗೂ ಖುಷಿ, ಈಗ ಯಾರೂ ಅವರಿಗೆ ಬೈಯುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ವಿನೆಗರ್ ಆಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಆಗಲಿ ಹಾಕಲೇಬಾರದು. ಕ್ಲೋರಿನ್ ಏಳುತ್ತದೆ. ಮುಚ್ಚಿದ ಬಸ್ಸಿನೊಳಗೆ ಅದು ಜೀವಕ್ಕೇ ಅಪಾಯ.

ವಾಂತಿಗೆ ಲೆಕ್ಕ ಉಲ್ಟಾ. ಅದರ ವಾಸನೆಯೇ ಹುಳಿಯದ್ದು, ಅದಕ್ಕೆ ವಿನೆಗರ್ ಪ್ರಯೋಜನ ಇಲ್ಲ. ಮರದ ಹುಡಿ ಹಾಕಿ ಎತ್ತಿ, ತೊಳೆದು, ಅಡುಗೆ ಸೋಡಾ ಉದುರಿಸಿ ಬಿಟ್ಟು ಒರೆಸುವುದು. ಡ್ರೈವರ್ ಸೀಟಿನ ಹಿಂದೆ ಒಂದು ಡಬ್ಬಿ ಹುಡಿ, ಒಂದು ಪೊಟ್ಟಣ ಸೋಡಾ, ಕೆಲವು ಕಾಗದದ ಚೀಲ ಯಾವಾಗಲೂ ಇರುತ್ತದೆ.

ಇನ್ನು ಕೆಲವು ವಾಸನೆಗಳನ್ನು ತೊಳೆಯಬಾರದು, ಮೆಕ್ಯಾನಿಕ್‌ಗೆ ಹೇಳಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಜನ ಪಕ್ಕದವನ ಮುಖ ನೋಡುತ್ತಾರೆ. ಪಾಪ, ಅವನು ಎಂತದೂ ಮಾಡಿರುವುದಿಲ್ಲ, ಬ್ಯಾಟರಿ ಓವರ್‌ಚಾರ್ಜ್ ಆಗುತ್ತಿರಬಹುದು. ಹೊಗೆಯನ್ನು ಶುದ್ಧ ಮಾಡಲು ಯೂರಿಯಾ ನೀರು ಬಳಸುವ ಹೊಸ ಬಿಎಸ್6 ಬಸ್ಸಿನಲ್ಲಿ ಮೂತ್ರದ ಹಾಗೆ ಖಾರವಾಗಿ ಮೂಗಿಗೆ ಹೊಡೆದರೆ ಯೂರಿಯಾ ಪೈಪ್ ಸೋರುತ್ತಿದೆಯಾ ಅಂತ ನೋಡಿ. ಹೊಗೆಯ ವಾಸನೆ ಹಿಂದಿನಿಂದ ಬಂದರೆ ಬರೀ ಹಿಂದಿನ ಕಿಟಕಿ ತೆರೆದಿರುತ್ತದೆ. ಓಡುವ ಬಸ್ಸಿನ ಬೆನ್ನಿಗೆ ಸುತ್ತುವ ಗಾಳಿ ಸೈಲೆನ್ಸರಿನ ಹೊಗೆಯನ್ನು ಒಳಗೆ ಎಳೆಯುತ್ತದೆ. ಮುಂದಿನದ್ದೂ ತೆರೆದರೆ ಸರಿಯಾಗುತ್ತದೆ.

ಬೆವರಿಗೆ ನನ್ನ ಹತ್ತಿರ ಮದ್ದಿಲ್ಲ. ಸಂಜೆ ಕೆಲಸ ಮುಗಿಸಿ ಬಂದವರಿಗೆ ಎಂತ ಹೇಳುವುದು? ಮಾಡಿನ ಗಾಳಿಕಿಂಡಿ ತೆರೆದಿಡುತ್ತೇನೆ. ನನ್ನ ಖಾಕಿ ಅಂಗಿಯನ್ನು ಮಧ್ಯಾಹ್ನ ಒಮ್ಮೆ ಬದಲಿಸುತ್ತೇನೆ. ಕೈ ಮೇಲೆತ್ತಿ ಕಂಬಿ ಹಿಡಿದು ಎಲ್ಲರ ನಡುವೆ ನುಸುಳುವವನು ನಾನೇ ತಾನೇ.

ಈಗ ಧಣಿಗಳು ಇನ್ನೊಂದು ಬಸ್ಸಿಗೆ ಬಾಡಿ ಕಟ್ಟಿಸುತ್ತಿದ್ದಾರೆ. ನೆಲಕ್ಕೆ ಜೋಡಣೆ ಇಲ್ಲದ ಒಂದೇ ಹಾಳೆ ವಿನೈಲ್ ಹಾಕಿ, ಅಂಚನ್ನು ಗೋಡೆಗೆ ನಾಲ್ಕು ಬೆರಳು ಮೇಲೆ ತಿರುಗಿಸಿ ಅಂತ ಹೇಳಿದ್ದೇನೆ. ಕಿಟಕಿ ಚಾನೆಲ್ಲಿನ ತೂತು ಸ್ವಲ್ಪ ದೊಡ್ಡದಿರಲಿ ಅಂತಲೂ ಹೇಳಿದೆ. ಬಾಡಿಯವರು ನೆಲಕ್ಕೆ ಒಪ್ಪಿದ್ದಾರೆ, ತೂತಿನ ವಿಷಯ ಇನ್ನೂ ಮಾತಾಡಬೇಕು.