ಸ್ಕ್ರೀನ್ ಮೇಲೆ ‘ಸೆಂಟ್’, ರೈತನ ಫೋನಿಗೆ ಏನೂ ಇಲ್ಲ: ಪಿಎಚ್‌ಪಿಯಿಂದ ಎಸ್‌ಎಂಎಸ್, ಇಮೇಲ್ ಕಳಿಸುವ ನನ್ನ ಅನುಭವ

ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ಟೊಮೆಟೊ ಮಂಡಿ ನಡೆಸುವ ಒಬ್ಬರಿಗೆ ನಾನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ದೊಡ್ಡ ಸಿಸ್ಟಮ್ ಏನಲ್ಲ. ಹರಾಜು ಮುಗಿದ ಮೇಲೆ ಪ್ರತಿ ರೈತರಿಗೂ ಎಷ್ಟು ಬಾಕ್ಸ್ ಹೋಯಿತು, ಏನು ದರ ಸಿಕ್ಕಿತು ಅಂತ ಎಸ್‌ಎಂಎಸ್ ಹೋಗಬೇಕು. ಸಂಜೆ ಹೊರರಾಜ್ಯದ ವ್ಯಾಪಾರಿಗಳಿಗೆ ಲೆಕ್ಕದ ಪಟ್ಟಿ ಇಮೇಲ್‌ನಲ್ಲಿ ಹೋಗಬೇಕು. ಇಷ್ಟೇ ಕೆಲಸ. ಹಿಂದೆ ಯಾರೋ ಬರೆದಿಟ್ಟಿದ್ದ ಪಿಎಚ್‌ಪಿ (ವೆಬ್‌ಗೆ ಪ್ರೋಗ್ರಾಂ ಬರೆಯುವ ಭಾಷೆ) ಸ್ಕ್ರಿಪ್ಟ್ ನನ್ನ ಕೈಗೆ ಬಂದಾಗ ಮಂಡಿಯವರ ದೂರು ಒಂದೇ: "ಸ್ಕ್ರೀನ್ ಮೇಲೆ ಸೆಂಟ್ ಅಂತ ಬರುತ್ತೆ ಸಾರ್, ಆದ್ರೆ ರೈತರು ಫೋನ್ ಮಾಡಿ ಬೈತಾರೆ."

ಬೈಯೋದು ನ್ಯಾಯವೇ. ಇಲ್ಲಿ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ವ್ಯಾಪಾರ, ಮತ್ತು ದರ ನಿಂತಲ್ಲಿ ನಿಲ್ಲುವುದಿಲ್ಲ. 2023ರ ಜುಲೈನಲ್ಲಿ ಬಾಕ್ಸ್ 2000 ರೂಪಾಯಿ ದಾಟಿತ್ತು. ಬೇರೆ ಸಮಯದಲ್ಲಿ ಕೂಲಿ, ಬಾಡಿಗೆ ಹುಟ್ಟದೆ ಹಣ್ಣನ್ನು ರಸ್ತೆ ಬದಿ ಸುರಿದು ಹೋಗಿದ್ದೂ ಇದೆ. ಟೆಂಪೋದಲ್ಲಿ ಮಾಲು ಕಳಿಸಿ ತೋಟದಲ್ಲೇ ಉಳಿದ ರೈತರಿಗೆ ಅವತ್ತಿನ ದರ ತಿಳಿಯುವುದು ಆ ಒಂದು ಮೆಸೇಜ್‌ನಿಂದ. ಅದು ಬರದಿದ್ದರೆ ಮಂಡಿಯವರ ಮೇಲೇ ಅನುಮಾನ ಬರುತ್ತದೆ. ಹಾಗಾಗಿ ನಾನು ಇದನ್ನು ಸಣ್ಣ ಬಗ್ ಅಂತ ನೋಡಲೇ ಇಲ್ಲ.

ಮೊದಲು ಮಾಡಿದ್ದು ಕೋಡ್ ಮುಟ್ಟುವುದಲ್ಲ, ಮೆಸೇಜ್ ಯಾರ ಯಾರ ಕೈ ದಾಟಿ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದು. ಇಮೇಲ್ ಆದರೆ ಪಿಎಚ್‌ಪಿ, ನಮ್ಮ ಮೇಲ್ ಸರ್ವರ್, ಆ ಕಡೆಯ ಮೇಲ್ ಸರ್ವರ್, ಅವರ ಇನ್‌ಬಾಕ್ಸ್ ಅಥವಾ ಸ್ಪ್ಯಾಮ್. ಎಸ್‌ಎಂಎಸ್ ಆದರೆ ಪಿಎಚ್‌ಪಿ, ಎಸ್‌ಎಂಎಸ್ ಮುಂದೆ ದಾಟಿಸುವ ಗೇಟ್‌ವೇ ಕಂಪನಿ, ಡಿಎಲ್‌ಟಿ ತಪಾಸಣೆ (ನೋಂದಾಯಿಸಿದ ಮೆಸೇಜೇ ಹೌದಾ ಅಂತ ನೋಡುವುದು), ಟೆಲಿಕಾಂ ಆಪರೇಟರ್, ಫೋನ್. ಮಾಲು ಯಾರ್ಡ್‌ನಲ್ಲಿ ಲಾರಿಗೆ ಲೋಡ್ ಆಯ್ತು ಅಂದರೆ ದೆಹಲಿಯಲ್ಲಿ ಇಳಿಯಿತು ಅಂತಲ್ಲ, ಅಲ್ವಾ? ಹಳೇ ಸ್ಕ್ರಿಪ್ಟ್ ಮಾತ್ರ ಲೋಡ್ ಆದ ತಕ್ಷಣ "ತಲುಪಿತು" ಅಂತ ಬರೆದುಬಿಡುತ್ತಿತ್ತು. ಪ್ರತಿ ಕೈಯಲ್ಲೂ ರಸೀದಿ ಕೇಳಬೇಕು, ಆ ರಸೀದಿಯನ್ನು ಡೇಟಾಬೇಸ್‌ನಲ್ಲಿ ಇಡಬೇಕು. ಮುಂದೆ ಹೇಳುವುದೆಲ್ಲ ಇದೊಂದರ ಸುತ್ತಲೇ.

ಇಮೇಲ್ ಬೇಗ ಮುಗಿಯಿತು, ಅದನ್ನು ಮೊದಲು ಹೇಳಿಬಿಡುತ್ತೇನೆ. ಪಿಎಚ್‌ಪಿಯ ಮೇಲ್ ಫಂಕ್ಷನ್ 'ಟ್ರೂ' ಅಂತ ಕೊಟ್ಟರೆ ಅದರ ಅರ್ಥ ಇಷ್ಟೇ: ಅದೇ ಸರ್ವರ್‌ನಲ್ಲಿರುವ, ಮೇಲ್ ಸಾಗಿಸುವ ಸೆಂಡ್‌ಮೇಲ್ ಪ್ರೋಗ್ರಾಂ ಕಾಗದ ತೆಗೆದುಕೊಂಡಿದೆ. ಮುಂದೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಅದನ್ನು ತೆಗೆದು ಪಿಎಚ್‌ಪಿಮೇಲರ್ ಅನ್ನುವ ಲೈಬ್ರರಿ ಹಾಕಿದೆ, ಎಸ್‌ಎಂಟಿಪಿ (ಮೇಲ್ ಸರ್ವರ್‌ಗಳು ಮಾತಾಡುವ ವಿಧಾನ) ಮೂಲಕ ಕಳಿಸಿದೆ, ಡಿಬಗ್ ಮಟ್ಟ 2 ಇಟ್ಟೆ. ಆಗ ಎರಡು ಸರ್ವರ್‌ಗಳ ಮಾತುಕತೆ ಸಾಲು ಸಾಲಾಗಿ ಕಾಣಿಸುತ್ತದೆ. ಸಂಪರ್ಕವೇ ಆಗದೆ ಸುಮ್ನೆ ಸುತ್ತುತ್ತಿದ್ದರೆ ಪೋರ್ಟ್ ಮುಚ್ಚಿದೆ ಅಂತ ಅರ್ಥ. ಬಹಳಷ್ಟು ಹೋಸ್ಟಿಂಗ್‌ಗಳಲ್ಲಿ 25 ಮುಚ್ಚಿರುತ್ತದೆ. 587ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಅಥವಾ 465ರಲ್ಲಿ ನೇರ ಟಿಎಲ್‌ಎಸ್ (ಎರಡೂ ಗೂಢಲಿಪಿಯ ಸಂಪರ್ಕ) ಹಿಡಿಯಬೇಕು. ಉತ್ತರದಲ್ಲಿ 535 ಅನ್ನುವ ಎರರ್ ಕೋಡ್ ಬಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಿಲ್ಲ. ಜಿಮೇಲ್ ಖಾತೆಯ ಮಾಮೂಲಿ ಪಾಸ್‌ವರ್ಡ್‌ನಿಂದ ಸ್ಕ್ರಿಪ್ಟ್ ಒಳಗೆ ಹೋಗುವ ದಾರಿಯನ್ನು ಗೂಗಲ್ 2022ರ ಮೇ ಕೊನೆಯಲ್ಲೇ ಮುಚ್ಚಲು ಶುರುಮಾಡಿತು. ಈಗ ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತೆಗೆಯಬೇಕು. 550 5.7.26 ಬಂದರೆ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜವಾಗಿಯೂ ಆ ಡೊಮೈನ್‌ನದ್ದೇ ಅಂತ ತೋರಿಸುವ ಗುರುತುಗಳು) ಕಡೆ ನೋಡಬೇಕು.

ನಮ್ಮಲ್ಲಿ ಆಗಿದ್ದು ಈ ಕೊನೆಯದು. ಮಂಡಿಯವರ ಜಿಮೇಲ್ ವಿಳಾಸವನ್ನೇ 'ಫ್ರಮ್' ಜಾಗದಲ್ಲಿ ಹಾಕಿ, ಯಾವುದೋ ಹೋಸ್ಟಿಂಗ್ ಸರ್ವರ್‌ನಿಂದ ಮೇಲ್ ಹೊರಡುತ್ತಿತ್ತು. ಆ ಕಡೆಯವರಿಗೆ ಅದು ಬೇರೆಯವರ ಹೆಸರಿನಲ್ಲಿ ಬಂದ ಕಾಗದ. ಮಂಡಿಗೆ ಅಂತ ಒಂದು ಡೊಮೈನ್ ತೆಗೆಸಿದೆ, ಫ್ರಮ್ ಅದರದ್ದು, 'ರಿಪ್ಲೈ ಟು' ಮಾತ್ರ ಅವರ ಜಿಮೇಲ್. ಡೊಮೈನ್‌ನ ದಾಖಲೆಗಳಿರುವ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡು ಹಾಕಿದರೆ ಎರಡೂ ಲೆಕ್ಕಕ್ಕಿಲ್ಲ, ಹಳೆಯದರ ಒಳಗೇ ಹೊಸದನ್ನು ಸೇರಿಸಬೇಕು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವ ಎಲ್ಲರಿಗೂ ಎಸ್‌ಪಿಎಫ್ ಅಥವಾ ಡಿಕಿಮ್ ಬೇಕೇ ಬೇಕು, ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಎರಡೂ ಬೇಕು, ಜೊತೆಗೆ ಡಿಮಾರ್ಕ್ (ಆ ಪರೀಕ್ಷೆಯಲ್ಲಿ ಸೋತ ಮೇಲ್ ಏನು ಮಾಡಬೇಕು ಅಂತ ಹೇಳುವ ದಾಖಲೆ) ಕೂಡ. ನಾವು ಕಳಿಸುವುದು ಕಡಿಮೆ, ಆದರೂ ಮೂರನ್ನೂ ಹಾಕಿದೆ. ಸರಿಯಾಯ್ತಾ ಅಂತ ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಕಳಿಸಿ, ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ತೆರೆಯಿರಿ. ಮೂರರ ಮುಂದೆಯೂ 'ಪಾಸ್' ಇರಬೇಕು.

ಇಮೇಲ್‌ನಲ್ಲಿ ಇನ್ನೊಂದೇ ವಿಷಯ. ಪಿಎಚ್‌ಪಿಮೇಲರ್‌ನ ಕ್ಯಾರೆಕ್ಟರ್ ಸೆಟ್ ತಾನಾಗಿ ಯುಟಿಎಫ್-8 (ಕನ್ನಡವನ್ನೂ ಹಿಡಿಯುವ ಎನ್‌ಕೋಡಿಂಗ್) ಇರುವುದಿಲ್ಲ. ನೀವು ಹೇಳಬೇಕು. ಇಲ್ಲದಿದ್ದರೆ ಕನ್ನಡ ಪಟ್ಟಿ ಅರ್ಥವಿಲ್ಲದ ಚಿಹ್ನೆಗಳಾಗಿ ಹೋಗುತ್ತದೆ.

ಈಗ ಎಸ್‌ಎಂಎಸ್. ನಿಜವಾದ ತಲೆನೋವು ಇಲ್ಲೇ.

ಮೊದಲು ಕಂಡಿದ್ದು ಡೇಟಾಬೇಸ್‌ನಲ್ಲಿ. ಎಷ್ಟೋ ರೈತರ ಹೆಸರಿನ ಮುಂದೆ ಒಂದೇ ನಂಬರ್, 2147483647. ಫೋನ್ ನಂಬರ್ ಕಾಲಂ ಪೂರ್ಣಾಂಕ ಮಾದರಿಯಲ್ಲಿತ್ತು; ಅದರಲ್ಲಿ ಹಿಡಿಯುವ ಗರಿಷ್ಠ ಸಂಖ್ಯೆ ಅಷ್ಟೇ, ಅದಕ್ಕಿಂತ ದೊಡ್ಡದು ಏನೇ ಬಂದರೂ ಅಲ್ಲಿಗೇ ಕತ್ತರಿಸಿ ಇಟ್ಟುಕೊಂಡಿದೆ. ಫೋನ್ ನಂಬರ್ ಎಣಿಸುವ ಸಂಖ್ಯೆ ಅಲ್ಲ, ಅದನ್ನು ಅಕ್ಷರವಾಗಿಯೇ ಇಡಬೇಕು. ಕಾಲಂ ಬದಲಿಸಿದೆ, ಆದರೆ ಹೋದ ನಂಬರ್ ವಾಪಸ್ ಬರುವುದಿಲ್ಲವಲ್ಲ. ಮಂಡಿಯ ರೈಟರ್ ಅಣ್ಣ ತಮ್ಮ ಹಳೇ ಪುಸ್ತಕ ತೆಗೆದು ಒಂದೊಂದಾಗಿ ಓದಿದರು, ನಾನು ಟೈಪ್ ಮಾಡಿದೆ.

ಎರಡನೆಯದು ಮಂಡಿಯ ಹೆಸರು. ಗೇಟ್‌ವೇಗೆ ಮೆಸೇಜನ್ನು ವಿಳಾಸದ ಸಾಲಿನಲ್ಲೇ ಅಂಟಿಸಿ ಕಳಿಸುತ್ತಿದ್ದರು. ಕೋಲಾರದಲ್ಲಿ ಎಷ್ಟು ಮಂಡಿಗಳ ಹೆಸರಿನಲ್ಲಿ "& ಸನ್ಸ್", "& ಕೋ" ಇದೆ ನೋಡಿ. ವಿಳಾಸದ ಸಾಲಿನಲ್ಲಿ & ಬಂದರೆ ಅಲ್ಲಿಗೆ ಮೆಸೇಜ್ ಮುಗಿಯಿತು, ಮುಂದಿನದು ಬೇರೆ ಪ್ಯಾರಾಮೀಟರ್ ಅಂತ ಸರ್ವರ್ ತಿಳಿಯುತ್ತದೆ. +91ರಲ್ಲಿರುವ + ಕೂಡ ಹಾಗೇ, ಆ ಕಡೆ ಖಾಲಿ ಜಾಗವಾಗಿ ಓದಿಕೊಳ್ಳುತ್ತದೆ. ಕೈಯಿಂದ ಸಾಲು ಕಟ್ಟುವುದನ್ನು ಬಿಟ್ಟು ಇಂಥ ಗುರುತುಗಳನ್ನು ಸರಿಯಾಗಿ ಕಟ್ಟುವ ಪಿಎಚ್‌ಪಿಯ ಎಚ್‌ಟಿಟಿಪಿ ಬಿಲ್ಡ್ ಕ್ವೆರಿ ಬಳಸಿದೆ, ಪೋಸ್ಟ್ ಮೂಲಕ ಕಳಿಸಿದೆ. ಈ ತೊಂದರೆ ಅಲ್ಲಿಗೆ ನಿಂತಿತು.

ಮೂರನೆಯದು ಉತ್ತರವನ್ನೇ ಓದದೆ ಇರುವುದು. ಬಹಳ ಗೇಟ್‌ವೇಗಳು ತಪ್ಪಾದರೂ ಎಚ್‌ಟಿಟಿಪಿ 200 (ಎಲ್ಲ ಸರಿ) ಅಂತಲೇ ಕೊಡುತ್ತವೆ, ನಿಜವಾದ ವಿಷಯ ಒಳಗಿನ ಬರಹದಲ್ಲಿರುತ್ತದೆ: ಬ್ಯಾಲೆನ್ಸ್ ಇಲ್ಲ, ಐಪಿ ಅನುಮತಿ ಇಲ್ಲ, ಟೆಂಪ್ಲೇಟ್ ಹೊಂದಿಲ್ಲ. ಕರ್ಲ್‌ನ (ಪಿಎಚ್‌ಪಿಯಿಂದ ಬೇರೆ ಸರ್ವರ್‌ಗೆ ಸಂಪರ್ಕ ಮಾಡುವ ಸಾಧನ) ಎರರ್ ಸಂಖ್ಯೆ, ಎಚ್‌ಟಿಟಿಪಿ ಕೋಡ್, ಒಳಗಿನ ಬರಹ, ಮೂರನ್ನೂ ಇದ್ದ ಹಾಗೇ ಲಾಗ್‌ನಲ್ಲಿ ಬರೆಸಿದೆ. ಒಂದೇ ಬೆಳಗ್ಗೆಯಲ್ಲಿ ಅರ್ಧ ದೂರು ಏಕೆ ಬರುತ್ತಿದೆ ಅಂತ ಗೊತ್ತಾಯಿತು. ಅಂದ ಹಾಗೆ, ಕರ್ಲ್ ಎರರ್ 60 ಬಂದರೆ ಸರ್ಟಿಫಿಕೇಟ್ ಪರಿಶೀಲನೆಯನ್ನೇ ಆಫ್ ಮಾಡಿ ಅಂತ ಹೇಳುವವರು ತುಂಬಾ ಇದ್ದಾರೆ. ದಯವಿಟ್ಟು ಮಾಡಬೇಡಿ. ಸಿಎ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳ) ಪಟ್ಟಿಯ ಫೈಲ್ ಹಳೆಯದಾಗಿರುತ್ತದೆ ಅಥವಾ ಅದರ ಜಾಗ ಪಿಎಚ್‌ಪಿಗೆ ಗೊತ್ತಿರುವುದಿಲ್ಲ. ಅದನ್ನು ಸರಿಮಾಡಿ ಸಾಕು.

ಇನ್ನು ಡಿಎಲ್‌ಟಿ. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2018ರಲ್ಲಿ ತಂದ ನಿಯಮದ ಪ್ರಕಾರ ವ್ಯವಹಾರಕ್ಕೆ ಎಸ್‌ಎಂಎಸ್ ಕಳಿಸುವವರು ಆಪರೇಟರ್‌ಗಳ ಪೋರ್ಟಲ್‌ನಲ್ಲಿ ಸಂಸ್ಥೆ, ಹೆಡರ್ (ಕಳಿಸಿದವರ ಹೆಸರಾಗಿ ಕಾಣುವ ಗುರುತು), ಮೆಸೇಜ್‌ನ ಟೆಂಪ್ಲೇಟ್ ಎಲ್ಲ ನೋಂದಾಯಿಸಬೇಕು. 2021ರ ಮಾರ್ಚ್ 8ರಂದು ಈ ತಪಾಸಣೆ ಶುರುವಾದಾಗ ದೇಶದ ತುಂಬಾ ಒಟಿಪಿಗಳೇ ನಿಂತುಹೋಗಿ, ಒಂದು ವಾರ ಮುಂದೂಡಬೇಕಾಯಿತು. ಅಷ್ಟು ಬಿಗಿ. ನಾವು ಕಳಿಸುವ ಮೆಸೇಜ್ ನೋಂದಾಯಿಸಿದ ಟೆಂಪ್ಲೇಟ್‌ಗೆ ಅಕ್ಷರ ಅಕ್ಷರ ಹೊಂದಬೇಕು. ಬದಲಾಗುವ ಜಾಗಗಳಲ್ಲಿ ಮಾತ್ರ ಬೇರೆ ಬರಬಹುದು, ಅದೂ ಒಂದು ಜಾಗಕ್ಕೆ ಇಷ್ಟೇ ಅಕ್ಷರ ಅನ್ನುವ ಮಿತಿಯೊಳಗೆ.

ಕನ್ನಡದಲ್ಲಿ ಕಳಿಸುವವರು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಟೆಂಪ್ಲೇಟ್ ಪಾಸ್ ಆಗಿದೆ, ಕೋಡ್‌ನಲ್ಲೂ ಅದೇ ವಾಕ್ಯ ಇದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದು ಕೊಂಬು, ದೀರ್ಘದ ವ್ಯತ್ಯಾಸವಿಲ್ಲ. ಆದರೂ "ಟೆಂಪ್ಲೇಟ್ ಹೊಂದಿಲ್ಲ" ಅಂತಲೇ ಬರುತ್ತಿತ್ತು. ಕೊನೆಗೆ ಎರಡೂ ವಾಕ್ಯಗಳನ್ನು ಬೈಟ್‌ಗಳನ್ನು ತೋರಿಸುವ ಬಿನ್2ಹೆಕ್ಸ್‌ಗೆ ಹಾಕಿ ನೋಡಿದೆ. ಪೋರ್ಟಲ್‌ನ ವಾಕ್ಯದಲ್ಲಿ 'ಬಾಕ್ಸ್‌ಗೆ' ಅನ್ನುವ ಕಡೆ 'ಸ್' ಆದಮೇಲೆ ಮೂರು ಬೈಟ್ ಜಾಸ್ತಿ: ಇ2 80 8ಸಿ. ಅದು ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು. ಒಂದು ಕೀಬೋರ್ಡ್ ಅದನ್ನು ಹಾಕುತ್ತದೆ, ಇನ್ನೊಂದು ಹಾಕುವುದಿಲ್ಲ. ಸಾಲಿನ ಕೊನೆಯ ಖಾಲಿ ಜಾಗ, ಎಂಟರ್ ಒತ್ತಿದ ಗುರುತು ಕೂಡ ಹೀಗೇ ಕಾಡುತ್ತವೆ. ಈಗ ಪಾಸ್ ಆದ ಟೆಂಪ್ಲೇಟನ್ನು ಪೋರ್ಟಲ್‌ನಿಂದಲೇ ಕಾಪಿ ಮಾಡಿ ಡೇಟಾಬೇಸ್‌ಗೆ ಹಾಕುತ್ತೇನೆ, ಅದರಲ್ಲಿ ಬದಲಾಗುವ ಜಾಗಗಳನ್ನು ಮಾತ್ರ ಸ್ಕ್ರಿಪ್ಟ್ ತುಂಬುತ್ತದೆ. ಕೈಯಿಂದ ಮತ್ತೆ ಟೈಪ್ ಮಾಡುವ ಮಾತೇ ಇಲ್ಲ.

ಅಕ್ಷರ ಎಣಿಸುವುದೂ ಒಂದು ವಿಷಯ. ಶ್ರೀನಿವಾಸಪುರ ಅಂದರೆ ನಮ್ಮ ಕಣ್ಣಿಗೆ ಆರು ಅಕ್ಷರ. ಪಿಎಚ್‌ಪಿಯಲ್ಲಿ ಯೂನಿಕೋಡ್ ಗುರುತು ಎಣಿಸುವ ಎಂಬಿ ಸ್ಟ್ರ್‌ಲೆನ್ 12 ಅನ್ನುತ್ತದೆ, ಬೈಟ್ ಎಣಿಸುವ ಬರೀ ಸ್ಟ್ರ್‌ಲೆನ್ 36 ಅನ್ನುತ್ತದೆ. ಎಸ್‌ಎಂಎಸ್ ಲೆಕ್ಕಕ್ಕೆ ಬರುವುದು 12. ಒತ್ತು, ಗುಡಿಸು, ದೀರ್ಘ ಎಲ್ಲ ಬೇರೆ ಬೇರೆ ಎಣಿಕೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಸಿಗುತ್ತದೆ, ಕನ್ನಡಕ್ಕೆ ಸಿಗುವುದು 70. ಅದು ದಾಟಿದರೆ 67ರ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ದುಡ್ಡು. ಒಂದು ಉದಾಹರಣೆ:

ಲಾಟ್ 27, ಟೊಮೆಟೊ 40 ಬಾಕ್ಸ್, ದರ 310, ಒಟ್ಟು 12400.

ಇಷ್ಟಕ್ಕೇ 47 ಆಯಿತು. ಉಳಿದ 23ರಲ್ಲಿ ಮಂಡಿಯ ಹೆಸರು ಹಿಡಿಯಬೇಕು. ಹೆಸರು ಪೂರ್ತಿ ಹಾಕಿದ್ದರಿಂದ ಹಳೇ ಮೆಸೇಜ್ ಪ್ರತಿ ಸಲ ಎರಡು ತುಂಡಾಗುತ್ತಿತ್ತು. "ಇಂಗ್ಲಿಷ್‌ನಲ್ಲೇ ಕಳಿಸಿದ್ರೆ ದುಡ್ಡು ಉಳಿಯುತ್ತಲ್ಲಪ್ಪಾ?" ಅಂತ ಯಜಮಾನರು ಕೇಳಿದರು. ಉಳಿಯುತ್ತದೆ, ಆದರೆ ದರ ಓದಬೇಕಾದವರು ರೈತರು, ಅವರಿಗೆ ಓದಲು ಬರುವ ಭಾಷೆಯಲ್ಲೇ ಹೋಗಲಿ ಅಂತ ನಾನು ಹಟ ಮಾಡಿದೆ. ಹೆಸರನ್ನು ಚಿಕ್ಕದಾಗಿಸಿ ಹೊಸ ಟೆಂಪ್ಲೇಟ್ ಹಾಕಿಸಿದ ಮೇಲೆ ಒಂದೇ ತುಂಡಿಗೆ ಬಂತು, ಖರ್ಚು ಅರ್ಧವಾಯಿತು. ಕೆಲವರ ಹಳೇ ಕೀಪ್ಯಾಡ್ ಫೋನ್‌ನಲ್ಲಿ ಕನ್ನಡದ ಬದಲು ಬರೀ ಚೌಕ ಕಾಣುತ್ತದೆ. ಅಂಥವರಿಗೆ ಮಾತ್ರ ಇಂಗ್ಲಿಷ್ ಟೆಂಪ್ಲೇಟ್, ರೈತರ ದಾಖಲೆಯಲ್ಲೇ ಭಾಷೆಯ ಕಾಲಂ ಇಟ್ಟಿದ್ದೇನೆ. ಇಂಗ್ಲಿಷ್ ಮೆಸೇಜ್‌ನಲ್ಲಿ ₹ ಗುರುತು ಹಾಕಬೇಡಿ, ಅದೊಂದಕ್ಕೇ ಇಡೀ ಮೆಸೇಜ್ 70ರ ಲೆಕ್ಕಕ್ಕೆ ಇಳಿಯುತ್ತದೆ. ಫೋನ್‌ನಲ್ಲಿ ಬರೀ ಪ್ರಶ್ನೆ ಚಿಹ್ನೆಗಳು ಬಂದರೆ ಗೇಟ್‌ವೇಗೆ ಯೂನಿಕೋಡ್ ಅಂತ ಹೇಳುವ ಪ್ಯಾರಾಮೀಟರ್ ಕೊಟ್ಟಿದ್ದೀರಾ ನೋಡಿ.

ಪಟ್ಟಿಯ ಲಿಂಕ್ ಕೂಡ ಮೆಸೇಜ್‌ನಲ್ಲಿ ಹೋಗಲಿ ಅಂತ ಯಜಮಾನರಿಗೆ ಆಸೆ. 2024ರ ಅಕ್ಟೋಬರ್ 1ರಿಂದ ಮೊದಲೇ ಅನುಮತಿ ಪಡೆಯದ ಲಿಂಕ್ ಇರುವ ಮೆಸೇಜ್ ಮುಂದೆ ಹೋಗುವುದಿಲ್ಲ. ಸದ್ಯಕ್ಕೆ ಬೇಡ ಅಂದೆ.

ಕೊನೆಯ ದೊಡ್ಡ ಬದಲಾವಣೆ ಕಳಿಸುವ ರೀತಿಯದ್ದು. ಹಳೇ ಪುಟದಲ್ಲಿ ಬಟನ್ ಒತ್ತಿದರೆ ಎಲ್ಲ ರೈತರಿಗೂ ಒಂದೇ ಲೂಪ್‌ನಲ್ಲಿ ಹೋಗುತ್ತಿತ್ತು. ವೆಬ್‌ನಲ್ಲಿ ಪಿಎಚ್‌ಪಿಗೆ ಸಾಮಾನ್ಯವಾಗಿ 30 ಸೆಕೆಂಡ್ ಮಿತಿ ಇರುತ್ತದೆ. ಸೀಸನ್‌ನಲ್ಲಿ ಮಾಲು ಜಾಸ್ತಿ ಬಂದ ದಿನ ಪುಟ ಮಧ್ಯದಲ್ಲೇ ನಿಲ್ಲುತ್ತಿತ್ತು, ರೈಟರ್ ಮತ್ತೆ ಬಟನ್ ಒತ್ತುತ್ತಿದ್ದರು, ಮೊದಲ ಅರ್ಧದವರಿಗೆ ಎರಡು ಸಲ ಬರುತ್ತಿತ್ತು, ಕೊನೆಯವರಿಗೆ ಬರುತ್ತಲೇ ಇರಲಿಲ್ಲ. ಒಂದೇ ಲಾಟ್‌ಗೆ ಎರಡು ಮೆಸೇಜ್ ಬಂದರೆ ಎರಡು ಪೇಮೆಂಟ್ ಬರುತ್ತೆ ಅಂತ ರೈತರು ತಿಳಿದುಕೊಂಡರೆ ಅವರ ತಪ್ಪೇನು?

ಈಗ ಬಟನ್ ಒತ್ತಿದರೆ ಮೆಸೇಜ್‌ಗಳು ಒಂದು ಟೇಬಲ್‌ಗೆ ಬಂದು ಕೂರುತ್ತವೆ, ಅಷ್ಟೇ. ದಿನಾಂಕ, ಲಾಟ್, ಫೋನ್ ಮೂರೂ ಸೇರಿ ಯೂನಿಕ್ ಕೀ, ಹಾಗಾಗಿ ಎಷ್ಟು ಸಲ ಒತ್ತಿದರೂ ಒಂದೇ ಸಾಲು. ಪ್ರತಿ ನಿಮಿಷ ಕ್ರಾನ್ (ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಓಡುತ್ತದೆ, ಒಂದೇ ಹೊತ್ತಿಗೆ ಎರಡು ಓಡದಂತೆ ಫೈಲ್ ಲಾಕ್ ಹಿಡಿದು ಸ್ವಲ್ಪ ಸ್ವಲ್ಪವಾಗಿ ಕಳಿಸುತ್ತದೆ. ಕ್ರಾನ್‌ನಲ್ಲಿ ಓಡುವ ಪಿಎಚ್‌ಪಿಗೆ ಸೆಟ್ಟಿಂಗ್ ಫೈಲ್ ಬೇರೆ ಇರಬಹುದು, ಬ್ರೌಸರ್‌ನಲ್ಲಿ ಇದ್ದ ಕರ್ಲ್ ಅಲ್ಲಿ ಇಲ್ಲದಿರಬಹುದು, ಮೊದಲೇ ನೋಡಿಕೊಳ್ಳಿ. ಪ್ರತಿ ಸಾಲಿಗೂ ಸ್ಥಿತಿ ಇದೆ: ಕಾಯುತ್ತಿದೆ, ಗೇಟ್‌ವೇಗೆ ಕೊಟ್ಟಾಯ್ತು, ತಲುಪಿತು, ತಲುಪಲಿಲ್ಲ, ಅನುಮಾನ. ಗೇಟ್‌ವೇ ಕೊಡುವ ಮೆಸೇಜ್ ಐಡಿ ಅದೇ ಸಾಲಿನಲ್ಲಿ ಇರುತ್ತದೆ, ಡೆಲಿವರಿ ರಿಪೋರ್ಟ್ ಬಂದಾಗ ಅದನ್ನು ಹಿಡಿದು ಸ್ಥಿತಿ ಬದಲಾಗುತ್ತದೆ. 'ಅನುಮಾನ' ಅನ್ನುವುದು ಟೈಮ್‌ಔಟ್ ಆದವು. ಉತ್ತರ ಬರಲಿಲ್ಲ ಅಂದ ಮಾತ್ರಕ್ಕೆ ಮೆಸೇಜ್ ಹೋಗಿಲ್ಲ ಅಂತಲ್ಲ, ಗೇಟ್‌ವೇ ತೆಗೆದುಕೊಂಡಿರಲೂಬಹುದು. ಅವನ್ನು ಸ್ಕ್ರಿಪ್ಟ್ ತಾನಾಗಿ ಮತ್ತೆ ಕಳಿಸುವುದಿಲ್ಲ. ಗೇಟ್‌ವೇಯ ರಿಪೋರ್ಟ್ ನೋಡಿ ರೈಟರ್ ಅಣ್ಣನೇ ತೀರ್ಮಾನ ಮಾಡುತ್ತಾರೆ.

'ತಲುಪಲಿಲ್ಲ' ಸಾಲುಗಳು ಕೆಂಪಾಗಿ ಅವರ ಸ್ಕ್ರೀನ್ ಮೇಲೆ ಬರುತ್ತವೆ, ಪಕ್ಕದಲ್ಲೇ ನಂಬರ್. ಫೋನ್ ಆಫ್ ಇದ್ದವರು, ಸಿಮ್ ಬದಲಿಸಿದವರು. ಅವರಿಗೆ ರೈಟರ್ ಅಣ್ಣ ಕರೆ ಮಾಡಿ ದರ ಹೇಳುತ್ತಾರೆ, ಹೊಸ ನಂಬರ್ ಇದ್ದರೆ ಅಲ್ಲೇ ತಿದ್ದುತ್ತಾರೆ. ಇನ್ನು ಬಾಕಿ ಇರುವುದು ವಾಪಸ್ ಬಂದ ಇಮೇಲ್‌ಗಳನ್ನು ಓದಿ ಅದೇ ಸ್ಕ್ರೀನ್‌ಗೆ ತರುವ ಕೆಲಸ, ಮಾವಿನ ಸೀಸನ್ ಶುರುವಾಗುವುದರೊಳಗೆ ಅದನ್ನೂ ಮುಗಿಸಬೇಕು.