ಬೆಳಗಿನ ಜಾವದ ಕನಸನ್ನು ಬರೆದಿಡುವ ಕ್ರಮ

ಬೆಳಗಿನ ಜಾವ ಬಿದ್ದ ಕನಸು ನಿಜವಾಗುತ್ತದೆ ಎಂದು ಧಾರವಾಡದ ನಮ್ಮ ಮನೆಯಲ್ಲಿ ಆಯಿ ಆಗಾಗ ಹೇಳುತ್ತಿದ್ದರು. ಕನಸು ಮುಂದಾಗುವುದನ್ನು ತಿಳಿಸುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಆದರೆ ಆ ಹೊತ್ತಿನ ಕನಸನ್ನು ಹಿರಿಯರು ಬೇರೆಯಾಗಿ ಎಣಿಸಿದ್ದಕ್ಕೆ ತಕ್ಕ ಕಾರಣವಿದೆ. ನಮ್ಮ ನೆನಪಿನಲ್ಲಿ ಉಳಿಯುವ ಕನಸುಗಳಲ್ಲಿ ಹೆಚ್ಚಿನವು ಆಗ ಬಿದ್ದವೇ. ಕನಸುಗಳನ್ನು ಬರೆದಿಡಬೇಕೆನ್ನುವವರು ಮೊದಲು ಈ ಕಾರಣವನ್ನು ತಿಳಿದಿರಬೇಕು.

ನಿದ್ರೆಯು ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ, ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುವ ಹಂತವೊಂದು ಬರುತ್ತದೆ. ಇದನ್ನು ರೆಮ್ ನಿದ್ರೆ ಎನ್ನುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ 1953ರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಬೇರೆ ಹಂತಗಳಲ್ಲಿಯೂ ಕನಸು ಬೀಳುತ್ತದೆಯಾದರೂ, ಕಥೆಯಂತೆ ಹರಿಯುವ ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಈ ಹಂತದವು. ರಾತ್ರಿಯ ಮೊದಲ ಸುತ್ತಿನಲ್ಲಿ ಕೆಲವೇ ನಿಮಿಷವಿರುವ ಈ ಹಂತವು ಸುತ್ತಿನಿಂದ ಸುತ್ತಿಗೆ ಬೆಳೆದು, ಬೆಳಗಿನ ಹೊತ್ತಿಗೆ ಅರ್ಧ ಗಂಟೆಯನ್ನೂ ಮೀರಬಹುದು. ಆದ್ದರಿಂದ ನಾವು ಬೆಳಿಗ್ಗೆ ಏಳುವುದು ಎಷ್ಟೋ ಸಲ ಕನಸಿನ ನಡುವಿನಿಂದಲೇ.

ಆದುದರಿಂದ ಮೊದಲ ಕೆಲಸವೆಂದರೆ ಪೂರ್ಣ ನಿದ್ರೆ ಮಾಡುವುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ನಮ್ಮೂರಿನ ಸಪ್ತಾಪುರ ಬಡಾವಣೆಯ ಕೋಣೆಗಳಲ್ಲಿ ಉಳಿದಿರುವ ವಿದ್ಯಾರ್ಥಿಗಳು ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಅಲಾರಾಂ ಇಟ್ಟುಕೊಂಡರೆ, ಅವರು ಕಡಿದು ಹಾಕುವುದು ಬಹುಮಟ್ಟಿಗೆ ಈ ಕನಸಿನ ಭಾಗವನ್ನೇ. ವಯಸ್ಕರಿಗೆ ಕನಿಷ್ಠ 7 ಗಂಟೆಗಳ ನಿದ್ರೆ ಬೇಕು. ದೇಹ ಸೇರಿದ ಕೆಫೀನಿನ ಅರ್ಧ ಭಾಗ ಕರಗಲು ಸುಮಾರು ಐದು ಗಂಟೆ ಹಿಡಿಯುವುದರಿಂದ, ಸಂಜೆ ಗಿರ್ಮಿಟ್ಟಿನೊಡನೆ ಕುಡಿಯುವ ಚಹಾ ಕೊನೆಯದಾಗಿರಲಿ. ಮದ್ಯವು ರೆಮ್ ನಿದ್ರೆಯನ್ನು ತಗ್ಗಿಸುತ್ತದೆ.

ದಿಂಬಿನ ಪಕ್ಕದಲ್ಲಿ ಒಂದು ವಹಿ ಮತ್ತು ಪೆನ್ನು ಇರಲಿ. ಮೊಬೈಲ್ ಬೇಡ, ಏಕೆಂದರೆ ಅದರ ಪರದೆಯ ಮೇಲಿನ ಮೊದಲ ಸಂದೇಶವೇ ಕನಸನ್ನು ಅಳಿಸಿಬಿಡುತ್ತದೆ. ರೆಮ್ ನಿದ್ರೆಯಲ್ಲಿ, ನೆನಪು ಉಳಿಯಲು ನೆರವಾಗುವ ಮಿದುಳಿನ ರಾಸಾಯನಿಕವಾದ ನಾರ್‌ಅಡ್ರಿನಲಿನ್ ಬಹಳ ಕಡಿಮೆಯಾಗಿರುತ್ತದೆ, ಕನಸು ಇಷ್ಟು ಬೇಗ ಮರೆಯಲು ಅದೂ ಒಂದು ಕಾರಣವೆಂದು ಭಾವಿಸಲಾಗಿದೆ. ಎಚ್ಚರವಾದೊಡನೆ ಕೌದಿ ಸರಿಸಿ ಎದ್ದು ಕೂಡ್ರಬೇಡಿ. ಮಲಗಿದ್ದ ಮಗ್ಗುಲಲ್ಲಿಯೇ ಕಣ್ಣು ಮುಚ್ಚಿಕೊಂಡು, ಕೊನೆಯ ದೃಶ್ಯವನ್ನು ಹಿಡಿದು, ಅದಕ್ಕೂ ಮೊದಲು ಏನಿತ್ತೆಂದು ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋಗಿರಿ. ಏನೂ ಸಿಗದಿದ್ದರೆ ಆಗಿನ ಭಾವವನ್ನಾದರೂ ಗುರುತಿಸಿ. ಭಯವೋ ಅವಸರವೋ ಉಳಿದಿದ್ದರೆ, ಅದರ ಬೆನ್ನಿಗೆ ದೃಶ್ಯವೂ ಬರುವುದುಂಟು.

ಆಮೇಲೆ ಬರೆಯಿರಿ, ಓದಲು ಬರುವಂತೆ ಬರೆಯಿರಿ. ಆಸ್ಟ್ರಿಯಾದ ವಿಜ್ಞಾನಿ ಓಟೋ ಲೋವಿ ಹೇಳಿಕೊಂಡಂತೆ, 1920ರಲ್ಲಿ ನಡುರಾತ್ರಿ ಅವರಿಗೆ ಒಂದು ಪ್ರಯೋಗ ಹೊಳೆದು, ನಿದ್ದೆಗಣ್ಣಿನಲ್ಲಿ ಚೀಟಿಯ ಮೇಲೆ ಗೀಚಿಟ್ಟರು. ಬೆಳಿಗ್ಗೆ ಆ ಅಕ್ಷರ ಅವರಿಗೇ ತಿಳಿಯಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದು ಮತ್ತೆ ಹೊಳೆದಾಗ, ಅವರು ಬರೆಯುವ ಗೊಡವೆಗೇ ಹೋಗದೆ ನೇರವಾಗಿ ಪ್ರಯೋಗಶಾಲೆಗೆ ಹೋಗಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿದರು. ನರಗಳು ರಾಸಾಯನಿಕದ ಮೂಲಕ ಸಂದೇಶ ಕಳಿಸುತ್ತವೆ ಎಂದು ತೋರಿಸಿದ ಆ ಕೆಲಸಕ್ಕೆ 1936ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಎಲ್ಲರಿಗೂ ಎರಡನೆಯ ರಾತ್ರಿ ಒದಗುವುದಿಲ್ಲ.

ಮೊದಲು ಬಿಡಿ ಪದಗಳು, ಅನಂತರ ವಾಕ್ಯಗಳು. ತಾರೀಖು, ಮಲಗಿದ ಮತ್ತು ಎದ್ದ ಸಮಯ, ಕೋಣೆಯಲ್ಲಿದ್ದ ಸದ್ದು, ಚಳಿ, ಸೆಕೆ ಇವನ್ನೂ ದಾಖಲಿಸಿ, ಏಕೆಂದರೆ ಹೊರಗಿನ ಸದ್ದು ಮತ್ತು ಸ್ಪರ್ಶ ಕನಸಿನೊಳಗೆ ವೇಷ ಬದಲಿಸಿ ಸೇರಿಕೊಳ್ಳುತ್ತವೆ. ಹುಬ್ಬಳ್ಳಿಯ ಕಡೆಗೆ ಹೋಗುವ ರೈಲಿನ ಕೂಗು ನನ್ನ ವಹಿಯಲ್ಲಿ ಎರಡು ಸಲ ಶಾಲೆಯ ಗಂಟೆಯಾಗಿದೆ. ಸಮಯ ಬರೆದಿಡದಿದ್ದರೆ ಅದು ನನಗೆ ತಿಳಿಯುತ್ತಿರಲಿಲ್ಲ. ಹಾವು ಕಂಡರೆ ಇಂಥ ಫಲ, ಹಲ್ಲು ಬಿದ್ದರೆ ಇಂಥ ಫಲ ಎನ್ನುವ ಪಟ್ಟಿಗಳನ್ನು ಬದಿಗಿಟ್ಟು, ಒಂದು ತಿಂಗಳಾದ ಮೇಲೆ ನಿಮ್ಮ ವಹಿಯನ್ನೇ ಓದಿದರೆ ಮರಳಿ ಮರಳಿ ಬರುವ ಸ್ಥಳ, ಮನುಷ್ಯರು, ಚಿಂತೆಗಳು ತಾವಾಗಿ ಕಾಣುತ್ತವೆ.

ಒಂದೇ ಕೆಟ್ಟ ಕನಸು ಪದೇ ಪದೇ ಬೀಳುತ್ತಿದ್ದರೆ, ಹಗಲಿನಲ್ಲಿ ಅದರ ಕೊನೆಯನ್ನು ನಿಮಗೆ ಬೇಕಾದಂತೆ ಬದಲಿಸಿ ಬರೆದು, ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ಅದನ್ನೇ ನಡೆಸಿ ನೋಡಿ. ಇದು ಚಿಕಿತ್ಸೆಯಲ್ಲಿಯೂ ಬಳಸುವ ಕ್ರಮ. ಎಚ್ಚರವಾದರೂ ಕೈಕಾಲು ಆಡದೆ, ಯಾರೋ ಎದೆಯ ಮೇಲೆ ಕೂತಂತೆ ಅನಿಸಿದರೆ ಹೆದರಬೇಡಿ. ರೆಮ್ ನಿದ್ರೆಯಲ್ಲಿ ಸ್ನಾಯುಗಳು ಸಡಿಲವಾಗಿರುತ್ತವೆ, ಆ ಸ್ಥಿತಿ ಎಚ್ಚರದೊಳಗೂ ಕೆಲ ಕ್ಷಣ ಉಳಿದಿರುತ್ತದೆ, ಅಷ್ಟೆ. ಇದಕ್ಕೆ ವಿರುದ್ಧವಾಗಿ, ಮನೆಯ ಹಿರಿಯರು ಕನಸಿನಲ್ಲಿ ಕೂಗುತ್ತ, ಒದೆಯುತ್ತ, ಮಂಚದಿಂದ ಬೀಳುತ್ತಿದ್ದರೆ ಅದನ್ನು ಕಡೆಗಣಿಸಬಾರದು. ಕೆಲವರಲ್ಲಿ ಅದು ಪಾರ್ಕಿನ್ಸನ್ ಕಾಯಿಲೆಯ ವರ್ಷಗಳ ಮುಂಚಿನ ಸೂಚನೆಯಾಗಿರುತ್ತದೆ. ಅಂಥವರನ್ನು ನರರೋಗ ತಜ್ಞರ ಬಳಿಗೆ ಕರೆದೊಯ್ಯಿರಿ, ಹೋಗುವಾಗ ಯಾವ ರಾತ್ರಿ ಎಷ್ಟು ಹೊತ್ತಿಗೆ ಏನಾಯಿತೆಂದು ಬರೆದ ವಹಿಯೂ ಜೊತೆಗಿರಲಿ.